ಮೂವತ್ತೇಳೂವರೆ ತಿರುವು

ಪೊನ್ಮುಡಿಯ ರಸ್ತೆಗೆ ಇಪ್ಪತ್ತೆರಡು ತಿರುವುಗಳಿವೆ. ಕಲ್ಲಾರಿನ ಚಹದಂಗಡಿಯಿಂದ ಮೇಲೆ ಬಸ್ಸು ನಿಲ್ಲುವ ಜಾಗದವರೆಗೆ ಹೆಚ್ಚುಕಡಿಮೆ ಹದಿನಾರು ಕಿಲೋಮೀಟರು. ಅಷ್ಟರಲ್ಲಿ ರಸ್ತೆ ಸುಮಾರು ಒಂಬೈನೂರು ಮೀಟರು ಮೇಲೇರುತ್ತದೆ. 1974ರ ಜನವರಿ 27ರ ಭಾನುವಾರ ಕುಸುಮಾವತಿ ಎಂಬ ಮೂವತ್ತಾರು ವರ್ಷದ ಹೆಂಗಸು ಗೇರಿಲ್ಲದ ಲೇಡೀಸ್ ಸೈಕಲ್ಲಿನಲ್ಲಿ ಈ ರಸ್ತೆಯ ಮೂವತ್ತೇಳೂವರೆ ತಿರುವುಗಳನ್ನು ಹತ್ತಿದರು. ಲೆಕ್ಕ ತಪ್ಪಿಲ್ಲ. ಹೇಗೆಂದು ಹೇಳುತ್ತೇನೆ.

ಕುಸುಮಾವತಿಯವರೂ ನಾನೂ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿದ್ದೆವು. ಕಚೇರಿಯ ಹೆಸರು ಇಲ್ಲಿ ಬೇಡ. ಮೇಲಿನ ಗಾಳಿ ಯಾವ ಕಡೆಗೆ, ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂದು ಅಳೆಯುವುದು ನಮ್ಮ ಕೆಲಸ. ತುಂಬ ಎಂಬ ಊರಿನ ಆಚೆ, ಕಡಲತೀರದಲ್ಲಿ, ನಮಗೊಂದು ಶೆಡ್ಡು ಇತ್ತು. ದಿನಾ ನಸುಕಿಗೆ ಫೀಲ್ಡ್ ಅಬ್ಸರ್ವರ್ ಅಲ್ಲಿಗೆ ಹೋಗಿ, ಬಲೂನಿಗೆ ಗ್ಯಾಸು ತುಂಬಿ ಬಿಟ್ಟು, ಥಿಯೊಡೊಲೈಟ್ ಎಂಬ ದುರ್ಬೀನಿನಲ್ಲಿ ಅದನ್ನು ಹಿಂಬಾಲಿಸಿ, ನಿಮಿಷಕ್ಕೊಮ್ಮೆ ಎರಡು ಕೋನಗಳನ್ನು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ಹತ್ತು ಗಂಟೆಗೆ ಕಚೇರಿಗೆ ಬರುತ್ತಿತ್ತು. ಕೋನಗಳಿಂದ ಗಾಳಿಯನ್ನು ಲೆಕ್ಕ ಹಾಕುವವರು ಕುಸುಮಾವತಿ.

ಅವರು ಕಾಸರಗೋಡಿನವರು. ಮಂಗಳೂರಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮಾಡಿ, ಬ್ಯಾಂಕಿನಲ್ಲಿದ್ದ ರಾಮದಾಸರನ್ನು ಮದುವೆಯಾಗಿ ಎರ್ನಾಕುಲಂಗೆ ಬಂದವರು. ಅಲ್ಲಿ 1963ರಲ್ಲಿ ಬಸ್ಸುಗಳು ಎರಡು ವಾರ ಮುಷ್ಕರದಿಂದ ನಿಂತಾಗ, ನಡೆದು ನಡೆದು ಸಿಟ್ಟು ಬಂದು, ಗಂಡನ ಸೈಕಲ್ಲನ್ನು ದರ್ಬಾರ್ ಹಾಲ್ ಮೈದಾನಕ್ಕೆ ಒಯ್ದು ನಾಲ್ಕು ಸಂಜೆಗಳಲ್ಲಿ ಕಲಿತರು. ಮುಷ್ಕರ ಮುಗಿದ ಮೇಲೂ ಬಸ್ಸು ಹತ್ತಲಿಲ್ಲ. ನಮ್ಮ ಕಚೇರಿಯಲ್ಲಿ ಕೆಲಸ ಸಿಕ್ಕಿದಾಗ ಗಂಡ ಎರ್ನಾಕುಲಂನಲ್ಲೇ ಉಳಿದರು. ಕುಸುಮಾವತಿ ಮಗಳು ರತ್ನಳನ್ನು ಕರೆದುಕೊಂಡು ಕಳಕ್ಕೂಟಂನಲ್ಲಿ ಮನೆ ಮಾಡಿದರು.

ಎಂಟು ವರ್ಷ ಅವರು ಬೇರೆಯವರು ಬರೆದ ಕೋನಗಳನ್ನು ಲೆಕ್ಕ ಹಾಕಿದರು. ಯಾರ ಕೈ ಯಾವ ನಿಮಿಷಕ್ಕೆ ದಣಿಯುತ್ತದೆ ಎಂಬುದೂ ಅವರಿಗೆ ಅಂಕಿಗಳಲ್ಲೇ ಗೊತ್ತಾಗುತ್ತಿತ್ತು. ಒಮ್ಮೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, “ನೋಡಿ, ಇಪ್ಪತ್ತೆಂಟನೇ ನಿಮಿಷಕ್ಕೆ ‘ಬಲೂನು ಮರೆಯಾಯಿತು’ ಅಂತ ಬರೆದಿದ್ದಾರೆ. ಆಕಾಶದಲ್ಲಿ ಮೋಡವೇ ಇಲ್ಲದ ದಿನ. ಬಲೂನು ಎಲ್ಲಿಗೂ ಹೋಗ್ಲಿಲ್ಲ, ಇವರಿಗೆ ಚಹ ಕುಡಿಯುವ ಹೊತ್ತಾಯ್ತು ಅಷ್ಟೆ” ಎಂದರು. ಬಲೂನನ್ನು ದುರ್ಬೀನಿನಲ್ಲಿ ಅವರು ಒಂದು ಸಲವೂ ನೋಡಿರಲಿಲ್ಲ.

1973ರ ನವೆಂಬರಿನಲ್ಲಿ ಫೀಲ್ಡ್ ಅಬ್ಸರ್ವರ್ ಆಗಿದ್ದ ಅಚ್ಯುತ ಅವರಿಗೆ ವರ್ಗವಾಯಿತು. ಆ ಜಾಗಕ್ಕೆ ಮೂವರು ಅರ್ಜಿ ಹಾಕಿದೆವು. ಸೇವೆಯಲ್ಲಿ ಹಿರಿಯರು ಕುಸುಮಾವತಿ. ಅವರ ನಂತರ ನಾನು, ನನ್ನ ನಂತರ ಉಪೇಂದ್ರ.

ನಮ್ಮ ಅಧಿಕಾರಿ ಶ್ರೀಪತಿ ದೇಸಾಯಿ ಧಾರವಾಡದವರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಜ್ವರ ಬಂದರೂ ಎರಡು ಸಲ ವಿಚಾರಿಸುವವರು. ಡಿಸೆಂಬರ್ 3ರ ಬೆಳಿಗ್ಗೆ ಅರ್ಜಿಗಳನ್ನು ಕೈಯಲ್ಲಿ ಹಿಡಿದು ನಮ್ಮ ಕೋಣೆಗೆ ಬಂದು ಕುಸುಮಾವತಿಯವರ ಮೇಜಿನೆದುರು ನಿಂತರು.

“ಅಲ್ರೀ ಬಾಯಿಯವರ, ಅಲ್ಲೇನದ ಅಂತ ಹೊಂಟೀರಿ? ಉಸುಕು, ಉಪ್ಪುಗಾಳಿ. ನಸುಕಿನ್ಯಾಗ ಐದಕ್ಕ ಸೈಕಲ್ ಹೊಡೀಬೇಕು. ಆ ಹೊತ್ತಿನ್ಯಾಗ ಬಸ್ಸಿಲ್ಲ.”

“ನಂಗೆ ಸೈಕಲ್ ಬರ್ತದೆ ಸರ್. ಹತ್ತು ವರ್ಷ ಆಯ್ತು.”

“ಕಾಯಿಪಲ್ಯ ತರೋ ಸೈಕಲ್ ಬ್ಯಾರೆ, ಡ್ಯೂಟಿ ಸೈಕಲ್ ಬ್ಯಾರೆ.” ದೇಸಾಯಿಯವರು ಎಲ್ಲರ ಕಡೆಗೂ ಒಮ್ಮೆ ನೋಡಿ ನಕ್ಕರು. “ಒಂದ ಕೆಲಸಾ ಮಾಡ್ರಿ. ಪೊನ್ಮುಡಿ ಏರಿ ಬರ್ರಿ, ಕಾಲು ನೆಲಕ್ಕ ಹಚ್ಚದ. ಆಮ್ಯಾಲೆ ಈ ಪೋಸ್ಟಿನ ಮಾತಾಡೂಣು.”

ಕೋಣೆಯಲ್ಲಿದ್ದ ಉಳಿದ ಏಳು ಜನರೂ ನಕ್ಕರು. ನಾನೂ ನಕ್ಕೆ. ಕುಸುಮಾವತಿ ನಗಲಿಲ್ಲ, ಮುಖವನ್ನೂ ಗಂಟು ಹಾಕಲಿಲ್ಲ. ಅವರು ಗಡಿಯಾರ ನೋಡಿದರು, ಅಷ್ಟೆ.

ಅದೇಕೆಂದು ಹನ್ನೆರಡು ಗಂಟೆಗೆ ತಿಳಿಯಿತು. ಅವರು ಟೈಪ್ ಮಾಡಿ ಟಪಾಲಿಗೆ ಸೇರಿಸಿದ ಕಾಗದದ ನಕಲು ನನ್ನ ಮೇಜಿನ ಮೇಲಿತ್ತು. “ತಾವು ಈ ದಿನ ಬೆಳಿಗ್ಗೆ 10.50ಕ್ಕೆ ಸಿಬ್ಬಂದಿಯ ಸಮ್ಮುಖದಲ್ಲಿ ಮೌಖಿಕವಾಗಿ ಸೂಚಿಸಿದಂತೆ, ಫೀಲ್ಡ್ ಅಬ್ಸರ್ವರ್ ಹುದ್ದೆಗೆ ಅರ್ಹತೆಯಾಗಿ, ಕಲ್ಲಾರಿನಿಂದ ಪೊನ್ಮುಡಿಯವರೆಗೆ ಕಾಲು ನೆಲಕ್ಕೆ ಮುಟ್ಟಿಸದೆ ಸೈಕಲ್ಲಿನಲ್ಲಿ ಏರಿ, ವರದಿಯನ್ನು 1974ರ ಜನವರಿ ಕೊನೆಯೊಳಗೆ ಸಲ್ಲಿಸುತ್ತೇನೆ.” ದೇಸಾಯಿಯವರಿಗೆ ಒಂದು ಅಭ್ಯಾಸವಿತ್ತು. ಮಧ್ಯಾಹ್ನದ ಚಹಕ್ಕೆ ಮೊದಲು ಟಪಾಲಿನ ಮೂವತ್ತು ನಲವತ್ತು ಕಾಗದಗಳಿಗೆ ‘ನೋಡಿದೆ’ ಎಂದು ಬರೆದು ಸಹಿ ಹಾಕಿಬಿಡುವರು. ಓದುವುದು ಮೇಲಿನವರಿಂದ ಬಂದದ್ದನ್ನು ಮಾತ್ರ. ಸಂಜೆಯೊಳಗೆ ಆ ಕಾಗದ ಇನ್‌ವರ್ಡ್ ನಂಬರು 1187 ಪಡೆದು ಕಡತದಲ್ಲಿ ಕುಳಿತಿತ್ತು.

“ಇದೆಂಥದ್ದು?” ಎಂದು ಕೇಳಿದೆ.

“ನೀವು ನಕ್ಕಿರಲ್ಲ, ಅದಕ್ಕೆ ಉತ್ತರ” ಎಂದರು.

ನಮ್ಮದೊಂದು ಸೈಕಲ್ ಗುಂಪಿತ್ತು. ಆ ಚಳಿಗಾಲ ಪೆಟ್ರೋಲು ದುಬಾರಿಯಾಗಿ ಎಲ್ಲರೂ ಸ್ಕೂಟರನ್ನು ಮೂಲೆಗೆ ತಳ್ಳಿದ್ದ ಸಮಯ. ಎರ್ನಾಕುಲಂನ ಬ್ಯಾಂಕುಗಳಲ್ಲಿದ್ದ ನಾಲ್ವರು, ತಿರುವನಂತಪುರದ ಮೂವರು, ಎಲ್ಲರೂ ಕನ್ನಡದವರೇ, ತಿಂಗಳಿಗೊಮ್ಮೆ ದೂರ ಹೋಗುತ್ತಿದ್ದೆವು. ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಏರಿನಲ್ಲಿ ಕಾಲೂರಿದವನು ತಾನೇ “ಕಾಲು!” ಎಂದು ಕೂಗಬೇಕು, ಹ್ಯಾಂಡಲಿಗೆ ಕಟ್ಟಿದ ಸೀಮೆಸುಣ್ಣದಿಂದ ತನ್ನ ಹಿಂದಿನ ಮಡ್‌ಗಾರ್ಡಿನ ಮೇಲೆ ತಾನೇ ಒಂದು ಗೆರೆ ಎಳೆಯಬೇಕು. ಇನ್ನೊಬ್ಬರು ನೋಡಿದರೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಇನ್ನೊಂದು ಪದ್ಧತಿ, ಕೊನೆಯವರು ಮುಟ್ಟುವವರೆಗೆ ಯಾರೂ ಹಿಂದಿರುಗುವಂತಿಲ್ಲ. ಕುಸುಮಾವತಿ ನಮ್ಮ ಎಂಟನೆಯವರಾದರು.

ಗುಂಪಿನ ಲೆಕ್ಕಾಚಾರವೆಲ್ಲ ಹಯವದನನದು. ಮೈಸೂರಿನ ಎಂಜಿನಿಯರು, ಜೇಬಿನಲ್ಲಿ ಸದಾ ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿ. ಎತ್ತರವನ್ನು ದೂರದಿಂದ ಭಾಗಿಸಿ, “ಹದಿನೆಂಟಕ್ಕೆ ಒಂದು. ಹಿಂದಿನ ಚಕ್ರಕ್ಕೆ ಇಪ್ಪತ್ತು ಹಲ್ಲಿನ ಫ್ರೀವೀಲ್ ಹಾಕ್ಸಿ, ಸಾಕು” ಎಂದು ಎಲ್ಲರಿಗೂ ಕಾಗದ ಬರೆದ. ಆರು ಜನ ಹಾಗೆಯೇ ಮಾಡಿದೆವು.

ಕುಸುಮಾವತಿ ಚಾಲ ಬಜಾರಿಗೆ ಹೋಗಿ ಇಪ್ಪತ್ತೆರಡು ಹಲ್ಲಿನದನ್ನು ಹುಡುಕಿ ತಂದರು. ಮೀನು ಮಾರುವವರು ಭಾರದ ಪೆಟ್ಟಿಗೆ ಹೊರುವ ಸೈಕಲ್ಲಿಗೆ ಹಾಕಿಸಿಕೊಳ್ಳುವಂಥದ್ದು. ಹಲ್ಲು ಹೆಚ್ಚಿದಷ್ಟೂ ಓಟ ನಿಧಾನ, ಏರು ಹಗುರ.

“ಏನ್ರೀ ಇದು, ಮೀನಿನ ಸೈಕಲ್ಲು! ಮೀನಿನವರ ಪೋಂ ಪೋಂ ಹಾರನ್ನೂ ಕಟ್ಟಿಸ್ಬಿಡಿ” ಎಂದ ಹಯವದನ. “ಲೆಕ್ಕ ನಾನು ಮಾಡಿದ್ದೀನಲ್ಲ ಕಣ್ರೀ.”

“ನೀವು ಮಾಡಿದ್ದು ಸರಾಸರಿ. ಸರಾಸರಿ ರಸ್ತೆಯಲ್ಲಿ ಯಾರಾದ್ರೂ ಸೈಕಲ್ ಬಿಡ್ತಾರಾ? ನಂಗೆ ಒಂದು ತಿರುವಿನಲ್ಲಿ ಸೋಲ್ಲಿಕ್ಕೂ ಪುರುಸೊತ್ತಿಲ್ಲ ಮಾರಾಯ್ರೆ.”

ಜನವರಿ ಪೂರ್ತಿ ಅವರು ನಸುಕಿಗೆದ್ದು ಹತ್ತಿರದ ಶ್ರೀಕಾರ್ಯಂನ ಏರುಗಳನ್ನು ಹತ್ತಿಳಿದರು. ಮೊದಲ ವಾರ ಬರಿ ಸೈಕಲ್ಲು, ಎರಡನೆಯ ವಾರ ಕ್ಯಾರಿಯರಿನಲ್ಲಿ ಐದು ಕಿಲೋ ಅಕ್ಕಿ, ಮೂರನೆಯ ವಾರ ಹತ್ತು. ಓಡಿಸಲು ತಾವೇ ಒಂದು ಸಲ್ವಾರ್ ಹೊಲಿದುಕೊಂಡರು. ನೆರೆಮನೆಯವರು ಏನೋ ಅಂದರಂತೆ. “ಅವರಿಗೆ ಬೆಳಿಗ್ಗೆ ಎದ್ದು ನೋಡುವ ಕಷ್ಟ ಯಾಕಂತ ನಾನು ಇನ್ನೂ ಬೇಗ ಹೊರಟೆ” ಎಂದರು.

ಜನವರಿ 25ರಂದು ಎಂಟೂ ಸೈಕಲ್ಲುಗಳು ಎರ್ನಾಕುಲಂನಿಂದ ಹೊರಟವು. ಕುಸುಮಾವತಿಯವರದನ್ನೂ ತಿರುವನಂತಪುರದ ನಮ್ಮ ಮೂವರದನ್ನೂ ಮೊದಲೇ ರೈಲಿನಲ್ಲಿ ಕಳಿಸಿದ್ದೆವು. “ಪೊನ್ಮುಡಿ ಒಂದನ್ನೇ ಹತ್ತಿದ್ರೆ ಸಾಕಲ್ವಾ?” ಎಂದು ಕುಸುಮಾವತಿಯವರನ್ನು ಕೇಳಿದ್ದೆ. “ಎರಡು ದಿನ ಓಡಿಸಿ ದಣಿದ ಕಾಲಿನಲ್ಲಿ ಹತ್ತಬೇಕು. ಇಲ್ಲದಿದ್ರೆ ವಿಶ್ರಾಂತಿ ತೆಗೊಂಡು ಹತ್ತಿದ್ಳು ಅಂತಾರೆ” ಎಂದು ಉತ್ತರ ಬಂದಿತ್ತು. ಬೀಳ್ಕೊಡಲು ಬಂದ ರಾಮದಾಸರು ಹೆಂಡತಿಯ ಚಕ್ರಗಳ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ನಿನಗೆ ಗೇರು ಇಲ್ಲ, ಹಠ ಉಂಟು. ಅದು ಸಾಕು, ಹೋಗು” ಎಂದರು.

ಮೊದಲ ದಿನ ಅಲಪ್ಪುಳದ ಮೇಲೆ ಕೊಲ್ಲಂ, ಎರಡನೆಯ ದಿನ ಮಧ್ಯಾಹ್ನಕ್ಕೆ ತಿರುವನಂತಪುರ. ಇನ್ನೂರ ಹದಿನಾಲ್ಕು ಕಿಲೋಮೀಟರು, ಎರಡು ಪಂಕ್ಚರು, ಎರಡೂ ನನ್ನವು. ಮೂರನೆಯ ದಿನ ನಸುಕಿಗೆ ಮತ್ತೆ ಹೊರಟೆವು. ರತ್ನಳಿಗೆ ಒಂಬತ್ತು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಕಳಕ್ಕೂಟಂನ ಮನೆಯ ಬಾಗಿಲಲ್ಲಿ ನಿಂತು ಅವಳು ಕೂಗಿದಳು: “ಅಮ್ಮೇ, ಕಾಲ್ ಕುತ್ತರುದೇ!” ಕಾಲೂರಬೇಡ ಎಂದು.

ಕಲ್ಲಾರಿನಲ್ಲಿ ಚಹ ಕುಡಿದು ಎಂಟೂ ಹತ್ತಕ್ಕೆ ಏರು ಶುರು ಮಾಡಿದೆವು. ಹಯವದನನ ಸರಾಸರಿ ಐದನೆಯ ತಿರುವಿನವರೆಗೆ ನಡೆಯಿತು. ತಿರುವಿನ ಒಳಮೈಯಲ್ಲಿ ರಸ್ತೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಹೊರಮೈ ಹಿಡಿಯೋಣವೆಂದರೆ ಎದುರಿನಿಂದ ಬರುವ ವಾಹನ ಕಾಣುವುದಿಲ್ಲ. ಆರನೆಯದರಿಂದ ಕಾಡಿನಲ್ಲಿ “ಕಾಲು!” “ಕಾಲು!” ಎಂದು ಕೇಳತೊಡಗಿತು. ಒಂಬತ್ತನೆಯದರಲ್ಲಿ ನಾನು ಕೂಗಿದೆ. ಹನ್ನೊಂದರಲ್ಲಿ ಹಯವದನನೇ ಕೂಗಿದ. ಮೀನಿನ ಸೈಕಲ್ಲು ಮಾತ್ರ ಮೇಲಿನ ಸುತ್ತಿನಲ್ಲಿ, ಮರಗಳ ನಡುವೆ, ಒಂದೇ ಹದದಲ್ಲಿ ಹೋಗುತ್ತಿತ್ತು.

ಹದಿನಾರನೆಯ ತಿರುವಿನಲ್ಲಿ ನಡೆದದ್ದನ್ನು ಹಯವದನ ಆಮೇಲೆ ಹೇಳಿದ. ಅವನು ಕುಸುಮಾವತಿಯವರ ಹಿಂದೆ ಇಪ್ಪತ್ತು ಮೀಟರಿನಲ್ಲಿದ್ದ. ತಿರುವಿನ ಅರ್ಧ ದಾಟಿದ್ದಾಗ ಇಳಿಯುತ್ತಿದ್ದ ಬಸ್ಸು ಇಡೀ ರಸ್ತೆಯನ್ನು ತುಂಬಿಕೊಂಡು ಬಂತು. ಕುಸುಮಾವತಿ ಚರಂಡಿಯ ಅಂಚಿಗೆ ಸರಿದರು. ಬಲಗಾಲು ಕಲ್ಲಿನ ಮೇಲೆ ಬಿತ್ತು. ಬಸ್ಸು ಹೋಯಿತು. ಅವರು “ಕಾಲು!” ಎಂದು ಕೂಗಿದರು. ಸೀಮೆಸುಣ್ಣ ತೆಗೆದು ಗೆರೆ ಎಳೆದರು.

“ಬಸ್ಸು ಬಂತು ಕಣ್ರೀ! ಇದು ಲೆಕ್ಕಕ್ಕಿಲ್ಲ” ಎಂದ ಹಯವದನ. “ಇನ್ನು ಆರೇ ತಿರುವು. ಹತ್ತಿ.”

“ಕಾಲು ನೆಲ ಮುಟ್ಟಿದ್ದು ಹೌದಾ ಅಲ್ವಾ?”

“ಮುಟ್ತು. ಆದ್ರೆ...”

“ಆ ‘ಆದ್ರೆ’ಯನ್ನು ಕಡತದಲ್ಲಿ ಎಲ್ಲಿ ಬರೆಯುವುದು?”

“ಯಾರಿಗೂ ಗೊತ್ತಾಗಲ್ಲ ರೀ!”

“ನಿಮಗೆ ಗೊತ್ತುಂಟು, ಬಸ್ಸಿನವನಿಗೆ ಗೊತ್ತುಂಟು, ನಂಗೆ ಗೊತ್ತುಂಟು. ಕಚೇರಿಯ ಕಮಿಟಿಗೂ ಇಷ್ಟು ಜನ ಇರುವುದಿಲ್ಲ” ಎಂದು ಹೇಳಿ ಕುಸುಮಾವತಿ ಸೈಕಲ್ಲನ್ನು ಕೆಳಮುಖವಾಗಿ ತಿರುಗಿಸಿದರು.

ಹನ್ನೆರಡನೆಯ ತಿರುವಿನಲ್ಲಿ ಸೈಕಲ್ ತಳ್ಳುತ್ತಿದ್ದ ನನಗೆ ಅವರು ಎದುರಾದರು. ಬಿದ್ದಿರಬೇಕೆಂದು ಹೆದರಿದೆ.

“ಎಂತ ಆಯ್ತು?”

“ಒಂದು ಗೆರೆ ಆಯ್ತು. ಕಲ್ಲಾರಿಗೆ ಹೋಗ್ತಿದ್ದೇನೆ, ಮೊದಲಿನಿಂದ ಹತ್ಲಿಕ್ಕೆ. ನೀವು ಬರ್ತೀರಾ? ಬರೆಯಲಿಕ್ಕೆ ಒಬ್ಬರು ಬೇಕು.”

ನಾನು ಅವರ ಎದುರು ಅಭ್ಯರ್ಥಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಡಿಸೆಂಬರಿನಲ್ಲಿ ನಕ್ಕಿದ್ದೂ ನನಗೆ ನೆನಪಿತ್ತು. ಸೈಕಲ್ ತಿರುಗಿಸಿದೆ.

ಕಲ್ಲಾರಿನ ಅಂಗಡಿಯ ಅಮ್ಮಚ್ಚಿ ನಮ್ಮನ್ನು ನೋಡಿ, “ಕಳಿಞ್ಞೋ?” ಎಂದು ಕೇಳಿದಳು, ಮುಗಿಯಿತೇ ಎಂದು. ಇಲ್ಲ, ಮತ್ತೆ ಹೋಗುತ್ತಿದ್ದೇವೆ ಎಂದಾಗ ಅವಳು ಎರಡು ಬೇಯಿಸಿದ ನೇಂದ್ರಬಾಳೆ ತಂದು ಕುಸುಮಾವತಿಯವರ ಮುಂದಿಟ್ಟು, ತಿಂದು ಮುಗಿಸುವವರೆಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಹತ್ತೂ ನಲವತ್ತಕ್ಕೆ ಎರಡನೆಯ ಏರು ಶುರುವಾಯಿತು. ಬಿಸಿಲೇರಿತ್ತು.

ಸುತ್ತು ರಸ್ತೆಯ ಒಂದು ಅನುಕೂಲವೆಂದರೆ, ಕೆಳಗಿನ ಸುತ್ತಿನಿಂದ ಮೇಲಿನ ಸುತ್ತು ಕಾಣುತ್ತದೆ. ನಾನು ಕೆಲವು ಕಡೆ ಓಡಿಸಿ, ಕೆಲವು ಕಡೆ ತಳ್ಳಿ, ಅರ್ಧ ಸುತ್ತು ಹಿಂದೆ ಉಳಿದು ನೋಡುತ್ತಾ ಹೋದೆ. ನನ್ನ ಜೇಬಿನ ಪುಸ್ತಕದಲ್ಲಿ ತಿರುವಿನ ಸಂಖ್ಯೆ, ಅದರೆದುರು ಸಮಯ. ಒಂದರಿಂದ ಹತ್ತರವರೆಗೆ ಅವರು, ತಾವೇ ಹೇಳಿದ್ದ ಮೊದಲ ಸಲದ ಸಮಯಕ್ಕಿಂತ, ಹನ್ನೊಂದು ನಿಮಿಷ ನಿಧಾನ. ಹದಿಮೂರನೆಯದರಲ್ಲಿ ಹ್ಯಾಂಡಲು ಎರಡು ಸಲ ಓಲಾಡಿತು. ಹದಿನಾರನೆಯದರಲ್ಲಿ ಯಾವ ವಾಹನವೂ ಬರಲಿಲ್ಲ. ಅವರು ಆ ಕಲ್ಲನ್ನು ನೋಡಿಕೊಂಡೇ ದಾಟಿದರು.

ಹತ್ತೊಂಬತ್ತರಲ್ಲಿ ತೆಳುವಾಗಿ ಮಂಜು ಇಳಿದಿತ್ತು. ವಿಹಾರಕ್ಕೆ ಬಂದ ಗಂಡಸರ ಜೀಪೊಂದು ಅವರ ಪಕ್ಕದಲ್ಲೇ ನಿಧಾನವಾಗಿ ಹತ್ತತೊಡಗಿತು. ಹುಮ್ಮಸ್ಸಿನ ಧ್ವನಿಯೊಂದು ಕೇಳಿತು: “ಚೇಚ್ಚೀ, ತಳ್ಳಣೋ?”

ತಳ್ಳಬೇಕೇ ಅಕ್ಕಾ ಎಂದು. ಜೀಪಿನವರು ನೆರವಾಗಲೆಂದೇ ಕೇಳಿರಬಹುದು. ಒಬ್ಬ ಕೈ ಚಾಚಿ ಕ್ಯಾರಿಯರ್ ಹಿಡಿಯಲು ಬಾಗಿದ್ದು ನನಗೆ ಕೆಳಗಿನಿಂದ ಕಂಡಿತು. ಕೈ ಸೋಕಿದರೆ ಎಲ್ಲವೂ ಹೋಯಿತು.

“ತೊಟ್ಟು ಪೋಗರುದು!” ಮುಟ್ಟೀರಿ ಜೋಕೆ ಎಂದು ಕುಸುಮಾವತಿ ಗದರಿದ್ದು ಎರಡು ಸುತ್ತು ಕೆಳಗೂ ಕೇಳಿರಬೇಕು. ಚಾಚಿದ ಕೈ ಒಳಗೆ ಹೋಯಿತು. ಜೀಪು ಮುಂದೆ ಹೋಯಿತು. ಕೂಗಿದ್ದಕ್ಕೆ ಕುಸುಮಾವತಿಯವರ ಉಸಿರಿನ ಲಯ ತಪ್ಪಿತ್ತು. ಇಪ್ಪತ್ತನೆಯ ತಿರುವಿನಲ್ಲಿ ಸೈಕಲ್ಲು ನಡಿಗೆಗಿಂತ ನಿಧಾನವಾಗಿತ್ತು. ಒಂದೊಂದು ಪೆಡಲಿಗೂ ನಿಂತೇಬಿಟ್ಟಿತು ಅನಿಸುವುದು, ಮತ್ತೆ ಚಕ್ರ ಅರ್ಧ ಸುತ್ತು ಹೊರಳುವುದು. ಹತ್ತಿರ ಹೋದಾಗ ಅವರು ಏನೋ ಗೊಣಗುವುದು ಕೇಳಿತು. ದೇವರ ಹೆಸರೆಂದುಕೊಂಡೆ. ಅಲ್ಲ. ಮಗಳು ಹೇಳಿದ್ದ ಎರಡು ಪದಗಳು: ಕಾಲ್ ಕುತ್ತರುದೇ, ಕಾಲ್ ಕುತ್ತರುದೇ.

ಹನ್ನೆರಡೂ ಐವತ್ತೆರಡಕ್ಕೆ ಅವರು ಮೇಲೆ ಮುಟ್ಟಿದರು. ಸೈಕಲ್ಲನ್ನು ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಸುತ್ತು ಹಾಕಿಸಿ, ಆಮೇಲೆ ಕಾಲಿಟ್ಟರು. ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಮೂರು ಗಂಟೆ ಹಸಿದು ಕಾದಿದ್ದ ಆರು ಗಂಡಸರು ಇಡ್ಲಿಯ ಡಬ್ಬವನ್ನು ಇನ್ನೂ ಬಿಚ್ಚಿರಲಿಲ್ಲ.

“ಬೈಬೇಕು ಅಂತ ಕೂತಿದ್ವಿ ಕಣ್ರೀ” ಎಂದ ಹಯವದನ, ನೀರು ಕೊಡುತ್ತಾ.

“ಬೈಯಿರಿ, ತಿಂದ ಮೇಲೆ.” ನೀರು ಕುಡಿದು ಅವರು ಅವನ ಕಡೆ ನೋಡಿದರು. “ಇಪ್ಪತ್ತೆರಡು ಹಲ್ಲು ಹಯವದನ. ನಿಮ್ಮ ಸ್ಲೈಡ್ ರೂಲಿಗೆ ಹೇಳಿ.”

ಮಂಗಳವಾರ ವರದಿ ದೇಸಾಯಿಯವರ ಮೇಜಿಗೆ ಹೋಯಿತು. ಎರಡು ಪುಟ, ಒಂದು ಕೋಷ್ಟಕ. ಮೊದಲ ಪ್ರಯತ್ನ: ಹದಿನಾರನೆಯ ತಿರುವಿನ ಮಧ್ಯದಲ್ಲಿ ಬಲಗಾಲು ನೆಲಕ್ಕೆ, ಅನೂರ್ಜಿತ. ಎರಡನೆಯ ಪ್ರಯತ್ನ: ಪೂರ್ಣ. ಕೆಳಗೆ ನನ್ನ ಸಹಿ, ಮತ್ತು ನಾನೇ ಸೇರಿಸಿದ ಒಂದು ಸಾಲು: ‘ಇದೇ ಹುದ್ದೆಯ ಅಭ್ಯರ್ಥಿಯಾದ ನಾನು ಒಂಬತ್ತನೆಯ ತಿರುವಿನಲ್ಲಿ ಕಾಲೂರಿದೆ.’

ದೇಸಾಯಿಯವರು ನಮ್ಮಿಬ್ಬರನ್ನೂ ಒಳಗೆ ಕರೆದರು.

“ಅಲ್ರೀ, ನಾ ಚಾಷ್ಟಿ ಮಾಡಿದ್ದು!”

“ಚಾಷ್ಟಿಗೆ ಇನ್‌ವರ್ಡ್ ನಂಬರು ಬಿದ್ದುಂಟು ಸರ್. 1187. ತಮ್ಮ ಸಹಿಯೂ ಉಂಟು.”

ಅವರು ಕಡತ ತೆರೆದು ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು. “ಒಟ್ಟು ಎಷ್ಟು ತಿರುವು ಏರಿದ್ರಿ?”

“ಮೂವತ್ತೇಳೂವರೆ ಸರ್. ಹದಿನಾರನೆಯದರ ಅರ್ಧಕ್ಕೆ ಬಸ್ಸು ಬಂತು.”

ದೇಸಾಯಿಯವರ ಮೀಸೆ ಸ್ವಲ್ಪ ಅಲುಗಿತು. “ಆದ್ರೂ ಹೆಣ್ಮಕ್ಕಳ್ನ ಫೀಲ್ಡಿಗೆ ಹಾಕಿದ್ರ ಮ್ಯಾಲಿನವ್ರು ಏನಂತಾರೋ...”

ಆಗ ಕುಸುಮಾವತಿ ಮೂರನೆಯ ಹಾಳೆಯನ್ನು ಮೇಜಿನ ಮೇಲಿಟ್ಟರು. ಅದನ್ನು ನಾನೂ ನೋಡಿರಲಿಲ್ಲ. ಅದರಲ್ಲಿ ಎರಡೇ ವಾಕ್ಯಗಳಿದ್ದವು. ‘ಈ ಅರ್ಹತೆಯನ್ನು ನಿಗದಿಪಡಿಸಿರುವುದರಿಂದ, ಅದನ್ನು ಮೂವರು ಅಭ್ಯರ್ಥಿಗಳಿಗೂ ಸಮಾನವಾಗಿ ಅನ್ವಯಿಸಬೇಕೆಂದು ಕೋರುತ್ತೇನೆ. ಅನ್ವಯಿಸಲಾಗದಿದ್ದರೆ ಅರ್ಹತೆಯನ್ನು ಲಿಖಿತವಾಗಿ ರದ್ದುಪಡಿಸಿ, ಸೇವಾ ಹಿರಿತನದ ಮೇಲೆ ನಿರ್ಧರಿಸಬೇಕೆಂದು ಕೋರುತ್ತೇನೆ.’

ಅನ್ವಯಿಸಿದರೆ ಹತ್ತಿದವರು ಅವರೊಬ್ಬರೇ. ರದ್ದುಪಡಿಸಿದರೆ ಹಿರಿಯರು ಅವರೇ. ದೇಸಾಯಿಯವರು ಎರಡು ದಾರಿಗಳನ್ನೂ ಮನಸ್ಸಿನಲ್ಲಿ ನಡೆದು ನೋಡಿ ಬಂದರು. ಮುಖದಲ್ಲಿ ಅದು ಕಾಣುತ್ತಿತ್ತು.

“ಉಪೇಂದ್ರ ಏರ್ತಾನೇನು?” ಎಂದು ನನ್ನನ್ನು ಕೇಳಿದರು.

“ಅವನಿಗೆ ಸೈಕಲ್ಲೇ ಬರುವುದಿಲ್ಲ ಸರ್” ಎಂದೆ.

ದೇಸಾಯಿಯವರು ಜೋರಾಗಿ ನಕ್ಕುಬಿಟ್ಟರು. ಈ ಸಲ ಕುಸುಮಾವತಿಯೂ ನಕ್ಕರು. ದೇಸಾಯಿಯವರು ಹಿರಿತನದ ಮೇಲೆ ಆದೇಶ ಬರೆದರು. ನಮ್ಮೆದುರೇ, ಪ್ರತಿಯೊಂದು ಸಾಲನ್ನೂ ಓದಿ.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. “ಈ ಮೂರನೇ ಹಾಳೆಯನ್ನು ಡಿಸೆಂಬರಿನಲ್ಲೇ ಕೊಡಬಹುದಿತ್ತಲ್ಲ? ಹತ್ತುವ ಅಗತ್ಯವೇ ಇರಲಿಲ್ಲ.”

“ಹತ್ತದೆ ಕೊಟ್ಟಿದ್ರೆ ಅದು ಕೇಳಿದ ಹಾಗೆ ಆಗ್ತಿತ್ತು” ಎಂದರು ಕುಸುಮಾವತಿ. “ಹತ್ತಿ ಕೊಟ್ರೆ ಹೇಳಿದ ಹಾಗೆ.”

ಫೆಬ್ರವರಿ 11ರ ಸೋಮವಾರ ಅವರು ಕಳಕ್ಕೂಟಂನಿಂದ ನಸುಕಿಗೆ ಹೊರಟು ತೀರದ ಶೆಡ್ಡಿಗೆ ಹೋದರು. ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಇಪ್ಪತ್ತೆರಡು ಹಲ್ಲು ಹಾಗೆಯೇ ಇತ್ತು. ಉಸುಕಿನ ದಾರಿಗೂ ಅದು ಒಳ್ಳೆಯದೆಂದು ಕೊನೆಯವರೆಗೂ ಬದಲಾಯಿಸಲಿಲ್ಲ. ಅವರ ಹಳೆಯ ಮೇಜು ನನಗೆ ಬಂದಿತ್ತು. ಹತ್ತು ಗಂಟೆಗೆ ಪುಸ್ತಕ ಬಂತು. ಆ ಶೆಡ್ಡಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಲೂನು ಇಪ್ಪತ್ತೆಂಟು, ಮೂವತ್ತು ನಿಮಿಷಕ್ಕೆ ಮರೆಯಾಗುತ್ತಿತ್ತು. ಅಂದು ನಾನು ಎರಡು ಪುಟ ತಿರುಗಿಸಿದೆ, ಮೂರನೆಯದನ್ನೂ ತಿರುಗಿಸಬೇಕಾಯಿತು. ಐವತ್ತೊಂದು ಸಾಲು ಕೋನಗಳು, ಒಂದು ಅಂಕಿಯೂ ಅಲುಗಿರಲಿಲ್ಲ. ಕೊನೆಯ ಸಾಲಿನ ಮುಂದೆ, ಷರಾ ಎಂಬ ಅಂಕಣದಲ್ಲಿ, ಹೀಗಿತ್ತು: ‘ಬಲೂನು ಇನ್ನೂ ಕಾಣುತ್ತಿದೆ. ಪುಸ್ತಕದ ಪುಟ ಮುಗಿದಿದ್ದರಿಂದ ನಿಲ್ಲಿಸಿದೆ. ದೊಡ್ಡ ಪುಸ್ತಕ ಕಳಿಸಿಕೊಡಿ.’